ಒಳಗಿನ ಮುಳ್ಳು

2023ರ ಮೇ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ, ಕೊತ್ತತ್ತಿ ಹತ್ತಿರದ ನಾಲೆ ಏರಿಯ ಮೇಲೆ ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿದ್ದ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ನನ್ನ ಅಣ್ಣ ಸತ್ತ. ಎಂಜಿನ್ ಆಫ್ ಆಗಿತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಕೀ ಅವನ ಅಂಗಿಯ ಜೇಬಿನಲ್ಲಿತ್ತು. ಸ್ಪೀಡೋಮೀಟರಿನ ಮುಳ್ಳು ಅರವತ್ತರ ಮೇಲೆ ನಿಂತಿತ್ತು.

ಇವುಗಳಲ್ಲಿ ಮೊದಲ ಮೂರನ್ನು ಪೊಲೀಸರು ಬರೆದುಕೊಂಡರು. ಕೊನೆಯದನ್ನು ಬರೆದುಕೊಳ್ಳಲಿಲ್ಲ. ಅದನ್ನು ಆ ದಿನ ನೋಡಿದವರು ನಾನು ಮತ್ತು ಅತ್ತಿಗೆ. ಕೆಲವು ದಿನಗಳ ಮೇಲೆ ಅವ್ವ ನೋಡಿದಳು.

ಅಂದು ಕೊತ್ತತ್ತಿಯಲ್ಲಿ ಅಣ್ಣನ ಜೊತೆ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಬೀಗರ ಊಟ ಇತ್ತು. ಅತ್ತಿಗೆ ಹೋಗಿರಲಿಲ್ಲ. ಅಣ್ಣ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಎಲ್ಲರನ್ನೂ ಮಾತಾಡಿಸಿಯೇ ಹೊರಟ ಎಂದು ಅಲ್ಲಿದ್ದವರು ಹೇಳಿದರು. ನಾಲೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬರು ಕಾರು ಬಂದು ನಿಂತದ್ದನ್ನು ಕಂಡಿದ್ದರು.

"ಮೆಲ್ಲಗೆ ಬಂದು ನಿಂತ್ಕತು ಕಣಣ್ಣ. ಸೀಟು ಇಂದಕ್ಕೆ ಮಾಡ್ಕಂಡು ಒರಗಿಕಂಡ್ರು. ಬಾಡೂಟ ಜಾಸ್ತಿ ಆಗ್ಬುಟ್ಟದೆ, ಒಂದು ನಿದ್ದೆ ತೆಗೀತಾವ್ರೆ ಅಂದ್ಕಂಡೆ," ಎಂದರು.

ಎಮ್ಮೆ ಹೊಡೆದುಕೊಂಡು ಹೊರಟಾಗಲೂ ಅಣ್ಣ ಹಾಗೇ ಇದ್ದುದನ್ನು ಕಂಡು ಅವರು ಗಾಜು ತಟ್ಟಿದ್ದಾರೆ. ವೈದ್ಯರು ಹೃದಯ ನಿಂತಿದೆ ಎಂದರು. ಬೇರೆ ಅನುಮಾನ ಯಾರಿಗೂ ಬರಲಿಲ್ಲ.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಅಣ್ಣ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದವನು ಒಂದು ದಿನ ಬೆಂಗಳೂರಿನಿಂದ ಈ ಕಾರನ್ನು ಓಡಿಸಿಕೊಂಡು ಬಂದ. ಹೊರದೇಶದಲ್ಲಿ ತಯಾರಾದ, ಹಲವು ಕೈ ದಾಟಿ ಬಂದ ಹಳೆಯ ಗಾಡಿ. ಎರಡು ಬಾಗಿಲು, ಎರಡೇ ಸೀಟು, ನೆಲದಿಂದ ಅರ್ಧ ಗೇಣು ಎತ್ತರ. ಅರಳಿಕಟ್ಟೆಯ ಮೇಲಿದ್ದವರು ಎದ್ದು ಬಂದು ಸುತ್ತ ನಿಂತರು.

"ಇದೇನ್ಲಾ ಇದು, ಕಾರು ತರಕ್ಕೋಗಿ ಕಾರಿನ ಮರಿ ತಂದಿದ್ದೀಯ?"

"ನಮ್ಮೂರ್ ರೋಡಿನ್ ಅಂಪಿಗೆ ಇದ್ರ ಒಟ್ಟೆ ಉಜ್ಜೋಯ್ತದೆ ಕಣ್ಲಾ. ಅಂಪ್ ಬಂದ್ರೆ ಎಗಲ ಮ್ಯಾಲೆ ಒತ್ಕಂಡು ದಾಟಿಸ್ತೀಯಾ?"

"ಎರಡೇ ಸೀಟು. ಅವ್ವನ್ನ ಡಿಕ್ಕಿಲಿ ಕೂರುಸ್ತೀಯೇನೋ!"

ಅವ್ವ ಆ ಕಾರಿನಲ್ಲಿ ಕುಳಿತದ್ದು ಒಮ್ಮೆ ಮಾತ್ರ. ಇಳಿಯುವಾಗ ಇಬ್ಬರು ಕೈ ಹಿಡಿದು ಎಳೆಯಬೇಕಾಯಿತು. ಅತ್ತಿಗೆ ಮಾತ್ರ ಅದರಲ್ಲೇ ಡ್ರೈವಿಂಗ್ ಕಲಿತರು. ಅವರು ಮಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಶನಿವಾರ ಬೆಳಗಿನ ತರಗತಿಗೆ ಅಣ್ಣ ಅವರನ್ನು ಬಿಡಲು ಹೋಗುತ್ತಿದ್ದ. ಹೋಗುವಾಗ ಅವನು, ಬರುವಾಗ ಅವರು ಓಡಿಸುವುದು ಎಂದು ಒಪ್ಪಂದವಾಗಿತ್ತು. ಶಾಲೆ ಬಿಡುವ ತನಕ ಅಣ್ಣ ಮಳವಳ್ಳಿಯಲ್ಲೇ ಕಾಯುತ್ತಿದ್ದ.

ಅಣ್ಣನನ್ನು ಮಣ್ಣು ಮಾಡಿದ ಮೂರನೇ ದಿನ ದೊಡ್ಡಪ್ಪ ಪಂಚಾಂಗ ತೆಗೆಸಿದರು. ಅಪ್ಪ ಇಲ್ಲದ ನಮ್ಮ ಮನೆಗೆ ಅವರೇ ಹಿರಿಯರು. ಅಣ್ಣನ ಜೀವ ಹೋದ ನಕ್ಷತ್ರ ಒಳ್ಳೆಯದಲ್ಲ ಎಂದು ಬಂತು. ನಮ್ಮ ಕಡೆ ಹಾಗೆ ಬಂದರೆ ಮನೆಯನ್ನು ಬಿಡುತ್ತಾರೆ. ಆರು ತಿಂಗಳು ಬಾಗಿಲು ಹಾಕಿ, ಬಾಗಿಲಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆ ಬಡಿಯುತ್ತಾರೆ. ಇದಕ್ಕೆ ಮುಳ್ಳು ಹಾಕುವುದು ಎನ್ನುತ್ತಾರೆ. ಅವಧಿ ಮುಗಿದ ಮೇಲೆ ಮುಳ್ಳು ತೆಗೆದು, ತೊಳೆದು, ದೀಪ ಹಚ್ಚಿ ಒಳಗೆ ಹೋಗಬೇಕು. ತೆಗೆದ ಮುಳ್ಳನ್ನು ಊರಾಚೆ ಸುಡಬೇಕು.

"ಮನೆ ಬುಡ್ಬೇಕು ಕಣಮ್ಮ. ಬ್ಯಾರೆ ದಾರಿ ಇಲ್ಲ," ಎಂದರು ದೊಡ್ಡಪ್ಪ.

ಗೋಡೆಗೆ ಒರಗಿ ಕುಳಿತಿದ್ದ ಅತ್ತಿಗೆ ಆ ದಿನ ಆಡಿದ ಮೊದಲ ಮಾತು ಇದು: "ಯಾವ ಮನೆ, ದೊಡ್ಡ ಮಾವ? ಅವರು ಮನೇಲಿ ಹೋಗ್ಲಿಲ್ಲವಲ್ಲ."

ಶಾಸ್ತ್ರ ಹೇಳಿದವರಿಗೆ ಫೋನು ಹೋಯಿತು. ಅವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುತ್ತೇನೆ ಎಂದರಂತೆ. ಕೊನೆಗೆ ದೊಡ್ಡಪ್ಪನೇ ತೀರ್ಮಾನ ಕೊಟ್ಟರು. "ಎಲ್ಲಿ ಜೀವ ಓಯ್ತೋ ಅದೇ ಮನೆ. ಕಾರ್ಗೆ ಮುಳ್ಳು ಆಕಿ."

"ಸರೋಯ್ತು ಬುಡು. ಅದುಕ್ಕೂ ಎರಡು ಬಾಗ್ಲು ಅವೆಯಲ್ಲ," ಎಂದರು ಬಾಗಿಲ ಬಳಿ ಕುಳಿತಿದ್ದ ನೆಂಟರೊಬ್ಬರು. ಸಾವಿನ ಮನೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅವ್ವ ತಲೆ ಎತ್ತಿ ನೋಡಿದ ಮೇಲೆ ಸುಮ್ಮನಾದರು.

ದೊಡ್ಡಪ್ಪನ ಆಲೆಮನೆ ಕೆಲವು ವರ್ಷಗಳಿಂದ ನಿಂತಿತ್ತು. ಬೆಲ್ಲದ ಕೊಪ್ಪರಿಗೆ ಮಗುಚಿ ಹಾಕಿದ್ದರು. ಗೋಡೆಗಳಲ್ಲಿ ಹಳೆಯ ಪಾಕದ ವಾಸನೆ ಇತ್ತು. ಕಾರನ್ನು ಟ್ರಾಕ್ಟರಿಗೆ ಕಟ್ಟಿ ಅಲ್ಲಿಗೆ ಎಳೆದು ತಂದರು. ಬ್ಯಾಟರಿ ಕೆಡುತ್ತದೆ ಎಂದು ನಾನೇ ಬಿಚ್ಚಿ ಮನೆಗೆ ಒಯ್ದೆ. ಎರಡು ಬಾಗಿಲಿಗೂ ಜಾಲಿ ಕೊಂಬೆ ಇಟ್ಟು ಹಗ್ಗದಿಂದ ಬಿಗಿದರು. ಅವ್ವ ಮುಳ್ಳಿನ ಸಂದಿಯಿಂದ ಗಾಜಿಗೆ ಮುಖ ಹಚ್ಚಿ ಒಳಗೆ ನೋಡಿದಳು. ಈ ಕಡೆ ತಿರುಗಿ ಹೇಳಿದಳು:

"ಇನ್ನೂ ಓಡಿಸ್ತಾವ್ನೆ."

ಮುಳ್ಳು ಅರವತ್ತರಲ್ಲೇ ನಿಂತದ್ದಕ್ಕೆ ಕಾರಣ ಇದೆ, ಅದನ್ನು ಬರೆಯಬೇಕು. ಹಳೆಯ ಕಾಲದ ಮೀಟರುಗಳಲ್ಲಿ ಮುಳ್ಳನ್ನು ಸೊನ್ನೆಗೆ ಎಳೆಯುವ ಸ್ಪ್ರಿಂಗ್ ಇರುತ್ತಿತ್ತು. ಈ ಕಾರಿನದರಲ್ಲಿ ಇಲ್ಲ. ಪ್ರತಿ ಮುಳ್ಳಿನ ಹಿಂದೆ ಹೆಬ್ಬೆರಳಿನಷ್ಟು ದೊಡ್ಡ ಮೋಟಾರು ಇದೆ. ಅದು ತಿರುಗಿಸಿದಷ್ಟು ಮುಳ್ಳು ತಿರುಗುತ್ತದೆ, ಕರೆಂಟು ಹೋದರೆ ಇದ್ದಲ್ಲೇ ನಿಲ್ಲುತ್ತದೆ. ಮೋಟಾರು ಹಳತಾದರೆ ಮುಳ್ಳು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುವುದು ಈ ಮಾದರಿಯಲ್ಲಿ ಮಾಮೂಲು ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಇದನ್ನು ಅವ್ವನಿಗೂ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಅದೇ ಕಣ್ಲಾ ನಾನೂ ಯೋಳಿದ್ದು. ನಿಂತಿಲ್ಲ," ಎಂದಳು.

ಆ ಮುಳ್ಳು ಅದಕ್ಕೆ ಮೊದಲು ಎಂದಾದರೂ ಸಿಕ್ಕಿಕೊಂಡಿತ್ತೇ ಎಂದು ಅತ್ತಿಗೆಯನ್ನು ಕೇಳಿದ್ದೆ. ಇಲ್ಲ ಎಂದರು.

ಆರು ತಿಂಗಳಲ್ಲಿ ನಾನು ಹಲವು ಬಾರಿ ಆಲೆಮನೆಗೆ ಹೋದೆ. ಕಂಡದ್ದು ಇಷ್ಟು. ದೊಡ್ಡಪ್ಪನ ನಾಯಿ ಊರಿನ ಯಾವ ಗಾಡಿ ನಿಂತರೂ ಅದರ ಅಡಿಗೆ ಹೋಗಿ ಮಲಗುತ್ತದೆ, ಇದರ ಅಡಿಗೆ ಹೋಗಲಿಲ್ಲ. ಮಳೆ ಶುರುವಾದ ಮೇಲೆ ಬೆಳಗಿನ ಹೊತ್ತು ಕಾರಿನ ಗಾಜು ಒಳಗಿನಿಂದ ಬೆವರುತ್ತಿತ್ತು. ಎಲ್ಲ ಗಾಜೂ ಅಲ್ಲ, ಡ್ರೈವರ್ ಕಡೆಯದು ಮಾತ್ರ. ಆ ಕಡೆ ಹೆಂಚು ಸೋರುತ್ತಿತ್ತು, ನೀರು ಬಾಗಿಲ ರಬ್ಬರಿನಿಂದ ಇಳಿದು ಒಳಗಿನ ಕಾರ್ಪೆಟ್ಟು ನೆನೆದಿರಬಹುದು. ಅತ್ತಿಗೆ ಒಂದು ಬೆಳಿಗ್ಗೆ ಅದನ್ನು ನೋಡಿ ಸೆರಗಿನಲ್ಲಿ ಹೊರಗಿನಿಂದ ಒರೆಸಿದರು. ಬೆವರು ಒಳಗಡೆ ಇದ್ದುದರಿಂದ ಹೋಗಲಿಲ್ಲ. ಅವರು ವಿಜ್ಞಾನದ ಮೇಡಂ. ಆದರೂ ಇನ್ನೊಮ್ಮೆ ಒರೆಸಿದರು.

ನವೆಂಬರಿನಲ್ಲಿ ಮುಳ್ಳು ತೆಗೆಯುವ ದಿನ ಬಂತು. ಗಂಜಲ, ಅರಿಶಿನ, ತೆಂಗಿನಕಾಯಿ ಎಲ್ಲ ತಂದರು. ಆ ದಿನದಿಂದ ಕಾರು ತಮ್ಮದು, ಮುಂದಿನ ಶನಿವಾರ ಅದರಲ್ಲೇ ಮಳವಳ್ಳಿಗೆ ಹೋಗುತ್ತೇನೆ ಎಂದು ಅತ್ತಿಗೆ ಮೊದಲೇ ಹೇಳಿದ್ದರು. ಬೇಡ ಎಂದವರಿಗೆ ಅವರು ಕೊಟ್ಟ ಉತ್ತರ ಒಂದೇ. "ಅವರು ಕೊನೇಲಿ ಹಿಡಿದಿದ್ದು ನನ್ನ ಕೈಯಲ್ಲ, ಆ ಸ್ಟೀರಿಂಗು. ಅದು ನನಗೆ ಬೇಕು."

ಕೊಂಬೆಗಳನ್ನು ಬಿಚ್ಚಿ ಪಕ್ಕಕ್ಕೆ ಹಾಕಿದರು. ದೊಡ್ಡಪ್ಪ ಕಾಯಿ ಒಡೆಯಲು ಕೈ ಎತ್ತಿ, ಕ್ರಮದಂತೆ ಕೇಳಿದರು: "ಮುಳ್ಳೆಲ್ಲ ತೆಗ್ದಂಗಾಯ್ತಾ?"

"ಇಲ್ಲ. ಒಳಗಿನ್ ಮುಳ್ಳು ಅಂಗೇ ಅದೆಯಲ್ಲ," ಎಂದಳು ಅವ್ವ.

ದೊಡ್ಡಪ್ಪ ಎತ್ತಿದ ಕೈ ಇಳಿಸಿದರು. ಬಗ್ಗಿ ಗಾಜಿನಿಂದ ನೋಡಿದರು. ಮುಳ್ಳು ಅರವತ್ತರ ಮೇಲಿತ್ತು.

"ಅದು ಮೀಟ್ರಿನ ಮುಳ್ಳು ದೊಡ್ಡಪ್ಪ. ಗಡಿಯಾರದ ಮುಳ್ಳಿದ್ದಂಗೆ. ಆ ಮುಳ್ಳೇ ಬೇರೆ, ಈ ಮುಳ್ಳೇ ಬೇರೆ," ಎಂದೆ.

"ಎರಡಕ್ಕೂ ಒಂದೇ ಎಸ್ರು ಯಾಕಿಟ್ರು?"

ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ದಿನಾ ಪದಗಳನ್ನೇ ತಿದ್ದುವ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

"ಮುಳ್ಳು ಅಂದ್ಮೇಲೆ ಮುಳ್ಳೇ. ಒಂದು ಉಳುದ್ರೂ ಬಾಗ್ಲು ತೆಗ್ದಂಗಲ್ಲ," ಎಂದು ದೊಡ್ಡಪ್ಪ ಕಾಯಿಯನ್ನು ತಟ್ಟೆಯಲ್ಲಿ ಇಟ್ಟರು. "ಇದು ಮನೆ ಅಂಗ್ಳಕ್ಕೆ ಬರೋ ಅಂಗಿಲ್ಲ. ಗುಜರಿಯವ್ನಿಗೆ ಯೋಳ್ತೀನಿ."

ಅತ್ತಿಗೆ ಕಾರಿನ ಮುಂದೆ ಹೋಗಿ ನಿಂತರು. "ಒಳಗಿನ ಮುಳ್ಳೂ ತೆಗೆದರೆ?"

ದೊಡ್ಡಪ್ಪ ಅವರ ಮುಖ ನೋಡಲಿಲ್ಲ. "ತೆಗ್ದು, ಇವುಗಳ ಜೊತೆ ಸುಟ್ರೆ ಆಯ್ತು. ಅಮಾಸೆ ಗಂಟ ನೋಡ್ತೀನಿ. ಆಮೇಲೆ ನನ್ನ ಕೇಳ್ಬ್ಯಾಡ ಕಣಮ್ಮ."

ಜಾಲಿ ಕೊಂಬೆಗಳನ್ನು ಸುಡದೆ ಆಲೆಮನೆಯ ಹೊರಗೆ ಒಟ್ಟಿದರು.

ಮುಳ್ಳೊಂದನ್ನೇ ಕೀಳಲು ಬರುವುದಿಲ್ಲ. ವೇಗ, ಎಂಜಿನ್ ಸುತ್ತು, ಪೆಟ್ರೋಲು, ಬಿಸಿ ತೋರಿಸುವ ನಾಲ್ಕೂ ಮೀಟರುಗಳು ಸ್ಟೀರಿಂಗಿನ ಹಿಂದೆ ಒಂದೇ ಪೆಟ್ಟಿಗೆಯಲ್ಲಿ ಕೂತಿರುತ್ತವೆ. ಅದಕ್ಕೆ ನಮ್ಮ ಕಡೆ ಮೀಟರ್ ಬೋರ್ಡು ಎನ್ನುತ್ತಾರೆ. ಪೂರ್ತಿ ಬೋರ್ಡನ್ನೇ ತೆಗೆದು ಬೇರೆಯದು ಹಾಕಬೇಕು. ಮದ್ದೂರಿನ ಗ್ಯಾರೇಜಿನವರನ್ನು ಕೇಳಿದೆ. ಅಣ್ಣನ ಗುರುತಿನವರು. ಕೈ ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು.

"ಮುಳ್ಳು ಆಕಿದ್ ಗಾಡಿ ಅಲ್ವಾ? ಬ್ಯಾರೆ ಏನಾರ ಕೆಲ್ಸ ಇದ್ರೆ ಯೋಳಣ್ಣ. ನಿನ್ ಬೈಕಿಗೆ ಬೇಕಾದ್ರೆ ಆಯಿಲ್ ಆಕ್ಕೊಡ್ತೀನಿ."

"ಬೈಕಿಗೆ ಏನೂ ಆಗಿಲ್ಲ."

"ಅದ್ಕೇ ಯೋಳ್ದೆ."

ಹೀಗಾಗಿ ನಾವೇ ಮಾಡುವುದೆಂದಾಯಿತು. ಅಂಥದೇ ಕಾರಿನ ಬೋರ್ಡು ಮಂಡ್ಯದ ಹೊರವಲಯದ ಗುಜರಿಯಲ್ಲಿ ಇದೆ ಎಂದು ಗೊತ್ತಾಗಿ ಅತ್ತಿಗೆ ಮತ್ತು ನಾನು ಹೋದೆವು. ಅಂಗಡಿಯವನು ಮುಖ ಜಜ್ಜಿಹೋದ ಒಂದು ಹಳದಿ ಕಾರಿನ ಮುಂದೆ ನಿಲ್ಲಿಸಿದ. ಅದಕ್ಕೆ ಗಾಜಿರಲಿಲ್ಲ, ಸೀಟಿರಲಿಲ್ಲ. ಬೋರ್ಡನ್ನು ಆಗಲೇ ಬಿಚ್ಚಿ ಗೋಣಿಯಲ್ಲಿ ಸುತ್ತಿದ್ದ.

"ಈ ಕಾರಲ್ಲಿ ಯಾರಾದರೂ ಸತ್ತಿದ್ದಾರಾ?" ಅತ್ತಿಗೆ ನೇರವಾಗಿ ಕೇಳಿದರು.

"ಅಕ್ಕೋ, ಸತ್ತೋರ್ ಗಾಡಿ ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲೇ ಇರ್ತದೆ. ಇದು ನೋಡಿ, ಸೊನ್ನೇಲಿ ಅದೆ. ಇಳ್ದು ನಡ್ಕೊಂಡು ಓಗವ್ರೆ." ಅವನು ಗೋಣಿ ಸರಿಸಿ ತೋರಿಸಿದ. "ಯಾಕೆ, ನಿಮ್ದು ಎಲ್ಲಿ ನಿಂತದೆ?"

ಅತ್ತಿಗೆ ಬೋರ್ಡನ್ನು ಎತ್ತಿಕೊಂಡರು. ಅವನು ಅದನ್ನು ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಕೊಟ್ಟ.

ಅಮಾವಾಸ್ಯೆಗೆ ಮುಂಚಿನ ಭಾನುವಾರ ಊಟವಾದ ಮೇಲೆ ಕೆಲಸಕ್ಕೆ ಕೂತೆವು. ಆಲೆಮನೆಯ ಬಾಗಿಲು ಪೂರ್ತಿ ತೆಗೆದಿದ್ದೆವು. ಬಿಸಿಲು ಕಾರಿನ ಬಾನೆಟ್ಟಿನವರೆಗೆ ಬರುತ್ತಿತ್ತು. ಹೊರಗೆ ಕಬ್ಬಿನ ಗದ್ದೆಯಲ್ಲಿ ಗಾಳಿ ಇರಲಿಲ್ಲ. ಅವ್ವ ಮಗುಚಿದ ಕೊಪ್ಪರಿಗೆಯ ಮೇಲೆ ಕೂತಿದ್ದಳು.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಸೀಟು ಇನ್ನೂ ಹಿಂದಕ್ಕೆ ಒರಗಿಯೇ ಇತ್ತು. ಅದನ್ನು ನೆಟ್ಟಗೆ ಮಾಡಿದೆ. ಸ್ಟೀರಿಂಗನ್ನು ಪೂರ್ತಿ ಕೆಳಕ್ಕೆ ಇಳಿಸಿ ಬಿಗಿ ಮಾಡಿದೆ. ಬೋರ್ಡಿನ ಮೇಲೆ ಬಿಸಿಲು ಬೀಳದಂತೆ ಟೋಪಿಯ ಹಾಗೆ ಒಂದು ಮುಚ್ಚಳ ಇರುತ್ತದೆ. ಅದರ ಎರಡು ತಿರುಪು ಮೇಲಿನಿಂದ ಕಾಣುವುದಿಲ್ಲ, ಬೆರಳಿನಲ್ಲಿ ತಡಕಿ ಹುಡುಕಬೇಕು. ತಿರುಪು ಬಿಚ್ಚಿದರೂ ಮುಚ್ಚಳ ಬರಲಿಲ್ಲ. ಕಬ್ಬಿಣ ಹಾಕಿ ಮೀಟಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಅತ್ತಿಗೆ ಮನೆಗೆ ಹೋಗಿ ದೋಸೆ ಮಗುಚುವ ಮರದ ಕೈ ತಂದರು.

"ಇದ್ರಲ್ಲಿ ಬತ್ತದಾ?" ಎಂದಳು ಅವ್ವ.

"ದೋಸೆಗಿಂತ ಸುಲಭ ಅತ್ತೆ. ಇದು ತಳ ಹಿಡಿದಿಲ್ಲ," ಎಂದರು ಅತ್ತಿಗೆ.

ಆರು ತಿಂಗಳಲ್ಲಿ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಚ್ಚಳ ಚಟ್ ಎಂದು ಬಿಟ್ಟುಕೊಂಡಿತು.

ಬೋರ್ಡಿಗೆ ಮೂರು ತಿರುಪು. ಕೊನೆಯದು ಕೈ ಜಾರಿ ಡ್ಯಾಶಿನ ಒಳಗೆ ಬಿತ್ತು. ಬಿದ್ದ ಸದ್ದು ತಕ್ಷಣ ಬರಲಿಲ್ಲ. ಅಷ್ಟು ಚಿಕ್ಕ ಕಾರಿನಲ್ಲಿ ಒಂದು ತಿರುಪು ಅಷ್ಟು ಹೊತ್ತು ಬೀಳುವಷ್ಟು ಜಾಗ ಎಲ್ಲಿದೆ ಎಂದು ನಾನೂ ಅತ್ತಿಗೆಯೂ ಮುಖ ನೋಡಿಕೊಂಡೆವು. ಆಮೇಲೆ ಎಲ್ಲೋ ಕೆಳಗೆ ಟಿಣ್ ಎಂದಿತು. ಅದು ಈವರೆಗೆ ಸಿಕ್ಕಿಲ್ಲ. ಅದರ ಬದಲಿಗೆ ಹಳದಿ ಕಾರಿನ ಬೋರ್ಡಿನ ಜೊತೆ ಬಂದ ತಿರುಪು ಹಾಕಿದೆ.

ಬೋರ್ಡನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದೆ. ಹಿಂದೆ ವೈರುಗಳ ಎರಡು ಪ್ಲಗ್ಗು. ಒಂದೊಂದರ ಕೊಂಡಿ ಎತ್ತಿ ಬಿಡಿಸಿದೆ. ಕಾರಿಗೂ ಬೋರ್ಡಿಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯಿತು. ತಂದು ಗೋಣಿಯ ಮೇಲೆ ಅಂಗಾತ ಇಟ್ಟಾಗ ಮುಳ್ಳು ಅರವತ್ತರ ಮೇಲೇ ಇತ್ತು.

ಖಾಲಿಯಾದ ಗೂಡಿಗೆ ಅತ್ತಿಗೆ ಫೋನಿನ ಬೆಳಕು ಬಿಟ್ಟರು. ಧೂಳು, ವೈರು, ಹಿಂದೆ ಒಂದು ಕಪ್ಪು ತಗಡು. ವೈರಿನ ಕಟ್ಟಿನ ಮೇಲೆ ಏನೋ ಬೆಳ್ಳಗೆ ಕಂಡಿತು. ಅವರು ಕೈ ಹಾಕಿ ತೆಗೆದರು. ಒಣಗಿದ ಜಾಲಿ ಮುಳ್ಳು. ಬೆರಳುದ್ದ, ಒಂದೇ.

ಆ ಗೂಡಿಗೆ ಹೊರಗಿನಿಂದ ದಾರಿ ಇಲ್ಲ. ಇಲಿ ತಂದಿರಬಹುದು. ಆದರೆ ಇಲಿಯ ಹಿಕ್ಕೆ ಇರಲಿಲ್ಲ, ಕಡಿದ ವೈರು ಇರಲಿಲ್ಲ. ಅತ್ತಿಗೆ ಅದನ್ನು ಅಂಗೈಯಲ್ಲಿ ಹಿಡಿದು ಅವ್ವನಿಗೆ ತೋರಿಸಿದರು. ಅವ್ವ ನೋಡಿ, "ಅದೂ ಒಂದು ಇತ್ತಾ," ಎಂದಳು. ಬೇರೇನೂ ಹೇಳಲಿಲ್ಲ.

ಹಳದಿ ಕಾರಿನ ಬೋರ್ಡು ತಾನಾಗಿ ಕೂತಿತು. ಬ್ಯಾಟರಿ ತಂದು ಜೋಡಿಸಿದೆ. ಅತ್ತಿಗೆ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ನಾಲ್ಕೂ ಮುಳ್ಳುಗಳು ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ವಾಪಸು ಬಂದವು. ವೇಗದ ಮುಳ್ಳು ಸೊನ್ನೆಯ ಮೇಲೆ ಕೂತಿತು. ಅದರ ಕೆಳಗೆ ಕಾರು ಈವರೆಗೆ ಓಡಿದ ದೂರ ತೋರಿಸುವ ಅಂಕಿ ಬೆಳಗಿತು. ಅದು ಹಳದಿ ಕಾರು ಓಡಿದ ದೂರ. ಅಣ್ಣ ಓಡಿಸಿದ ದೂರ ಗೋಣಿಯ ಮೇಲಿದ್ದ ಬೋರ್ಡಿನಲ್ಲೇ ಉಳಿಯಿತು.

ದೊಡ್ಡಪ್ಪನನ್ನು ಕರೆದೆವು. ಬಂದು ಬಗ್ಗಿ ನೋಡಿದರು.

"ಸೊನ್ನೆ ಯಾವ್ದು?"

"ಎಡಗಡೆ ಕೆಳಗೆ, ದೊಡ್ಡ ಮಾವ."

"ಉಂ. ನಿಂತದೆ."

ಬಾಕಿ ಉಳಿದಿದ್ದ ಕಾಯಿಯನ್ನು ಅವರು ಅಂದು ಒಡೆದರು. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟರು. ಅತ್ತಿಗೆ ಹೊರಗೆ ಒಟ್ಟಿದ್ದ ಕೊಂಬೆಗಳ ಮೇಲೆ ಆ ಒಂದು ಮುಳ್ಳನ್ನು ಇಟ್ಟರು. ಹಳೆಯ ಬೋರ್ಡನ್ನು ಹೊಸದು ಬಂದ ರಟ್ಟಿನ ಡಬ್ಬದಲ್ಲಿ ಹಾಕಿ ಕಟ್ಟಿದ್ದೇನೆ ಎಂದು ಅವ್ವ ಡಬ್ಬವನ್ನು ತಂದು ಕೊಟ್ಟಳು. ದೊಡ್ಡಪ್ಪ ಅದನ್ನು ಕೊಂಬೆಗಳ ನಡುವೆ ಇಟ್ಟು ಬೆಂಕಿ ಹಚ್ಚಿದರು. ಒಣ ಜಾಲಿ ಬೇಗ ಹತ್ತಿಕೊಂಡಿತು. ನಾನು ಗಾಳಿಯ ದಿಕ್ಕಿನಲ್ಲೇ ನಿಂತಿದ್ದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬರಲಿಲ್ಲ.

ಮುಂದಿನ ಶನಿವಾರ ಅತ್ತಿಗೆ ಕಾರು ತೆಗೆದುಕೊಂಡು ಮಳವಳ್ಳಿಗೆ ಹೋದರು. ಬಂದರು. ಏನೂ ಆಗಲಿಲ್ಲ. ಅರಳಿಕಟ್ಟೆಯವರು ಎದ್ದು ನಿಂತು ನೋಡಿದರು. "ಮೇಡಮ್ಮೋರೆ, ನಮ್ಮನ್ನೂ ಒಂದು ರೌಂಡು ಕರ್ಕಂಡೋಗಿ," ಎಂದ ಒಬ್ಬನಿಗೆ, "ಹೋಮ್‌ವರ್ಕ್ ಮಾಡಿ ಬಾ, ನೋಡೋಣ," ಎಂದರಂತೆ. ಅವನು ಹಿಂದೆ ಅವರ ವಿದ್ಯಾರ್ಥಿಯಾಗಿದ್ದವನು.

ಹಳೆಯ ಬೋರ್ಡು ಸಿಕ್ಕಿದ್ದು ಸಂಕ್ರಾಂತಿ ಕಳೆದ ಮೇಲೆ. ಅತ್ತಿಗೆ ಹಿಟ್ಟು ಮಾಡಿಸಲು ರಾಗಿ ತುಂಬಿಕೊಳ್ಳುತ್ತಿದ್ದರು. ಡ್ರಮ್ಮಿನ ರಾಗಿಯೊಳಗೆ ಸೇರು ಏನಕ್ಕೋ ತಾಗಿತು. ಕೆದಕಿದರೆ ಅಣ್ಣನ ಟವೆಲ್ಲಿನಲ್ಲಿ ಸುತ್ತಿದ ಬೋರ್ಡು. ನಾನು ಹಜಾರದಲ್ಲಿದ್ದೆ. ನನ್ನನ್ನು ಕರೆದರು. ಟವೆಲ್ಲು ಬಿಚ್ಚಿದರು.

ಮುಳ್ಳು ನಲವತ್ತರ ಮೇಲಿತ್ತು.

ಬೋರ್ಡಿನ ಮುಂದಿನ ಗಾಜನ್ನು ಯಾರೂ ತೆಗೆದಿರಲಿಲ್ಲ. ಸುತ್ತಲಿನ ಕೊಂಡಿಗಳನ್ನು ಒಂದೊಂದಾಗಿ ನೋಡಿದೆ, ಅಲುಗಿದ ಗುರುತಿರಲಿಲ್ಲ. ಗಾಜು ತೆಗೆಯದೆ ಮುಳ್ಳಿಗೆ ಬೆರಳು ತಾಗುವುದಿಲ್ಲ. ಎತ್ತಿ ಇಡುವಾಗ ಕುಲುಕಿ ಜಾರಿರಬಹುದು. ನಾನು ಜೋರಾಗಿ ಕುಲುಕಿ ನೋಡಿದೆ. ಜಾರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಬೈಸಿಕೊಳ್ಳಲು ಸಿದ್ಧಳಾದವಳ ಹಾಗೆ ಇರಲಿಲ್ಲ. "ನಾನೂ ನೋಡ್ದೆ," ಎಂದಳು. "ಊರು ಅತ್ರ ಬತ್ತಾ ಅದೆ ಅಂತ ಕಾಣ್ತದೆ. ನಿಧಾನ ಮಾಡ್ತಾವ್ನೆ."

"ಅತ್ತೆ, ದೊಡ್ಡ ಮಾವನಿಗೆ ಗೊತ್ತಾದರೆ ಏನಾಗುತ್ತೆ ಗೊತ್ತಾ?" ಅತ್ತಿಗೆಯ ದನಿ ಏರಿತು. "ಮುಳ್ಳು ಮನೆಯೊಳಗೇ ಇದೆ ಅಂತಾರೆ. ನಾಳೆನೇ ಕಾರು ಗುಜರಿಗೆ ಹೋಗುತ್ತೆ."

"ಕಾರು ನಿನ್ಗೆ ಸಿಕ್ತಲ್ಲವ್ವ. ಇದು ನನ್ಗಿರ್ಲಿ ಬುಡು."

ಅತ್ತಿಗೆ ಬೋರ್ಡನ್ನು ಟವೆಲ್ಲಿನ ಸಮೇತ ನನ್ನ ಕೈಗೆ ಕೊಟ್ಟು, "ಕಾರಲ್ಲಿ ಕೂತ್ಕೋ. ನಾಲೆಗೆ ಹಾಕಿ ಬರೋಣ," ಎಂದರು. ಅವ್ವ ಅಡ್ಡ ಬರಲಿಲ್ಲ. ಗೇಟಿನವರೆಗೂ ಬಂದು ನಿಂತಳು.

ಮದ್ದೂರು ದಾಟಿ, ಗೆಜ್ಜಲಗೆರೆ ದಾಟಿ, ಹೆದ್ದಾರಿ ಬಿಟ್ಟು ಕೊತ್ತತ್ತಿಯ ರಸ್ತೆಗೆ ಇಳಿದೆವು. ಎರಡೂ ಬದಿ ಭತ್ತದ ಕೂಳೆ. ನಾನು ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒಂದು ತಿರುವಿನಲ್ಲಿ ಟವೆಲ್ಲು ಜಾರಿತು. ನೋಡಿದೆ, ನಲವತ್ತು. ತಲೆ ಎತ್ತಿ ಅತ್ತಿಗೆಯ ಮುಂದಿದ್ದ ಬೋರ್ಡು ನೋಡಿದೆ, ಅದೂ ನಲವತ್ತು. ಅತ್ತಿಗೆ ನನ್ನ ಕಣ್ಣು ಹೋದ ಕಡೆಯೆಲ್ಲ ನೋಡಿದರು. ಆಮೇಲೆ ನಾಲೆ ಏರಿ ಸಿಗುವವರೆಗೂ ಅವರು ವೇಗ ಹೆಚ್ಚು ಮಾಡಲಿಲ್ಲ, ಕಡಿಮೆಯನ್ನೂ ಮಾಡಲಿಲ್ಲ. ಎದುರಿಗೆ ಬಂದ ಕಬ್ಬಿನ ಲಾರಿಯವನು ಹಾರ್ನ್ ಹೊಡೆದ. ಅದಕ್ಕೂ ಮಾಡಲಿಲ್ಲ.

ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು, ಕೀ ತೆಗೆದರು. ಅವರ ಮುಂದಿನ ಮುಳ್ಳು ಸೊನ್ನೆಗೆ ಇಳಿಯಿತು. ನನ್ನ ತೊಡೆಯ ಮೇಲಿನದು ಇಳಿಯಲಿಲ್ಲ.

ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಬಟ್ಟೆ ಸೆಣೆಯುತ್ತಿದ್ದರು, ಸದ್ದು ಒಂದು ಚಣ ತಡವಾಗಿ ಕೇಳುತ್ತಿತ್ತು. ಅತ್ತಿಗೆ ಇಳಿದು ನನ್ನ ಕಡೆಗೆ ಬಂದು ಬೋರ್ಡನ್ನು ತೆಗೆದುಕೊಂಡರು. ಅಂಚಿಗೆ ಹೋಗಿ ನಿಂತರು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡಿದರು. ಅತ್ತಿಗೆ ಹಾಗೇ ತಿರುಗಿ ಬಂದು ಬೋರ್ಡನ್ನು ಮತ್ತೆ ನನ್ನ ತೊಡೆಯ ಮೇಲೆ ಇಟ್ಟರು.

"ಯಾಕೆ?"

"ಅವರಿನ್ನೂ ನಿಲ್ಲಿಸಿಲ್ಲವಲ್ಲ. ಓಡ್ತಿರೋ ಗಾಡಿಯಿಂದ ಯಾರನ್ನಾದರೂ ನೀರಿಗೆ ನೂಕ್ತಾರೇನೋ?"

ವಾಪಸು ಬಂದಾಗ ಗೇಟಿನ ಬಳಿ ಅವ್ವ ಇನ್ನೂ ನಿಂತೇ ಇದ್ದಳು. ಅತ್ತಿಗೆ ಬೋರ್ಡನ್ನು ಅವಳ ಕೈಗೆ ಕೊಟ್ಟರು.

"ರಾಗಿ ಒಳಗೆ ಬೇಡ ಅತ್ತೆ, ಹುಳ ಬೀಳುತ್ತೆ. ಬೀರುವಿನಲ್ಲಿ ಇಡಿ." ಕಾರಿನ ಬಾಗಿಲು ಹಾಕಿ ಕೇಳಿದರು: "ಸೊನ್ನೆಗೆ ಬಂದರೆ?"

"ಇಳೀತಾನೆ," ಎಂದಳು ಅವ್ವ.

ಮುಳ್ಳು ಇಳಿಯುತ್ತದೆ ಎನ್ನಲು ಅವ್ವ "ಇಳೀತದೆ" ಎನ್ನಬೇಕಿತ್ತು. ಅವಳು ಅಂದದ್ದು "ಇಳೀತಾನೆ" ಎಂದೇ. ನಾವಿಬ್ಬರೂ ಸರಿಯಾಗಿ ಕೇಳಿಸಿಕೊಂಡೆವು.

ಅದಾದ ಮೇಲೆ ಬೀರು ತೆಗೆದು ನೋಡಿದಾಗಲೆಲ್ಲ ಮುಳ್ಳು ಮೊದಲಿದ್ದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇತ್ತು. ಮೇಲೆ ಹೋದದ್ದನ್ನು ಯಾರೂ ಕಂಡಿಲ್ಲ. ಚಲಿಸುವುದನ್ನೂ ಯಾರೂ ಕಂಡಿಲ್ಲ. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಇಪ್ಪತ್ತರ ಹತ್ತಿರ ಬಂದಿತ್ತು. ಆ ಹಬ್ಬದ ದಿನ ಬೇವು ಬೆಲ್ಲ ತಿನ್ನಲು ಬಂದ ದೊಡ್ಡಪ್ಪ ಅಂಗಳದಲ್ಲಿ ನಿಂತಿದ್ದ ಕಾರನ್ನು ಸುತ್ತು ಹಾಕಿ ನೋಡಿದರು.

"ಏನೂ ತೊಂದ್ರೆ ಕೊಡ್ತಿಲ್ವೇನಮ್ಮ ಇದು?"

"ಇಲ್ಲ ದೊಡ್ಡ ಮಾವ."

"ಮುಳ್ಳು ತೆಗ್ದಿದ್ದೇ ಒಳ್ಳೇದಾಯ್ತು."

"ಹೂಂ, ದೊಡ್ಡ ಮಾವ," ಎಂದು ಅತ್ತಿಗೆ ಅವರ ಲೋಟಕ್ಕೆ ಇನ್ನಷ್ಟು ಪಾನಕ ಬಗ್ಗಿಸಿದರು. ಅವ್ವ ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದಳು. ಒಂದು ಒಬ್ಬಟ್ಟು ಬೇರೆ ತಟ್ಟೆಗೆ ಹಾಕಿ ಬೀರುವಿನ ಮೇಲೆ ಇಟ್ಟಿದ್ದಳು.

ಕಾರು ಈಗ ಅತ್ತಿಗೆಯ ಹೆಸರಿಗೆ ವರ್ಗವಾಗಿದೆ. ಶನಿವಾರ ಅದರಲ್ಲೇ ಮಳವಳ್ಳಿಗೆ ಹೋಗುತ್ತಾರೆ. ಸಂಜೆ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಎಡಗಡೆಯ ಬಾಗಿಲಿಗೆ ಬೀಗ ಹಾಕುತ್ತಾರೆ. ಇತ್ತೀಚಿನ ಕೆಲವು ತಿಂಗಳಿಂದ ಡ್ರೈವರ್ ಕಡೆಯ ಬಾಗಿಲಿಗೆ ಹಾಕುತ್ತಿಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದಾಗ ಅವ್ವ ಬೀರು ತೆಗೆದು ಟವೆಲ್ಲು ಸರಿಸಿ ತೋರಿಸಿದಳು. ಮುಳ್ಳು ಹತ್ತರ ಗೆರೆಗಿಂತ ಸ್ವಲ್ಪ ಕೆಳಗಿತ್ತು.